ಇಬ್ಬರೇ ಸೇರಿ ಇಂಡಸ್ಟ್ರಿಯಲ್ ಸಂಗೀತದಲ್ಲಿ ನೆಲೆ ನಿಲ್ಲೋಕೆ ಆಗುತ್ತಾ?

ನೀವು ಕೇಳಿರೋದು ಇಷ್ಟು: ನೀವೂ ನಿಮ್ಮ ಗೆಳೆಯನೂ ಮೈಸೂರಿನಲ್ಲಿ ಎಲೆಕ್ಟ್ರೋ-ಇಂಡಸ್ಟ್ರಿಯಲ್ ಸಂಗೀತ, ಅಂದರೆ ಮಿಷನ್ ಸದ್ದನ್ನೂ ಎಲೆಕ್ಟ್ರಾನಿಕ್ ವಾದ್ಯಗಳನ್ನೂ ಸೇರಿಸಿ ಕಟ್ಟೋ ಸಂಗೀತ ಮಾಡುತ್ತಿದ್ದೀರಿ. ಬೆನ್ನಿಗೆ ರೆಕಾರ್ಡ್ ಕಂಪನಿ ಇಲ್ಲ, ಇರೋದು ಇಬ್ಬರೇ. ಇದನ್ನೇ ನಂಬಿ ಕೆಲಸ ಬಿಡಬಹುದಾ?

ಕೆಲಸ ಬಿಡಬೇಡಿ. ಸಂಗೀತವನ್ನೂ ಬಿಡಬೇಡಿ. ನಾವೂ ಇಂಥದೇ ಒಂದು ಜೋಡಿ. ನಾನು ಮಂಡ್ಯದವನು, ಮದುವೆ, ಆರ್ಕೆಸ್ಟ್ರಾಗಳಿಗೆ ಮೈಕ್ ಸೆಟ್ ಹಾಕುತ್ತೇನೆ. ಗೆಳೆಯ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಾನೆ. 11 ವರ್ಷದಿಂದ ಜೊತೆಗಿದ್ದೇವೆ. ಸಂಗೀತದ ದುಡ್ಡಲ್ಲಿ ಮನೆ ಬಾಡಿಗೆ ಕಟ್ಟಿದ ತಿಂಗಳುಗಳು ಬೆರಳೆಣಿಕೆಯಷ್ಟು. ಆದರೆ ಸಿಂಥ್ ಅನ್ನೋ ಎಲೆಕ್ಟ್ರಾನಿಕ್ ವಾದ್ಯದ ರಿಪೇರಿ, ಕೇಬಲ್ಲು, ಕ್ಯಾಸೆಟ್ ಮಾಡಿಸೋದು, ರೈಲು ಚಾರ್ಜು, ಇದೆಲ್ಲ ಈಗ ಸಂಗೀತದಿಂದಲೇ ಹೊರಡುತ್ತದೆ. ಮನೆಯಿಂದ ದುಡ್ಡು ಹಾಕೋದು ನಿಂತು ನಾಲ್ಕು ವರ್ಷ ಆಯ್ತು. ನನ್ನ ಲೆಕ್ಕದಲ್ಲಿ ಇದು ದೊಡ್ಡ ಮಾತು.

ಇಬ್ಬರೇ ಇರೋದನ್ನ ನೀವು ಕೊರತೆ ಅಂತ ಬರೆದಿದ್ದೀರಿ. ನಮಗೆ ಅದೇ ಬಲ ಆಗಿದೆ. ಎರಡು ಬ್ಯಾಗ್ ಹೆಗಲಿಗೆ ಹಾಕಿಕೊಂಡು ಬೆಂಗಳೂರಿನ ಗಾಡಿ ಹತ್ತಿದರೆ ಆಯ್ತು, ಐದು ಜನರ ಬ್ಯಾಂಡಿಗೆ ಅದಾಗಲ್ಲ. ಈ ಸಂಗೀತ ಬೆಳೆದದ್ದೂ ಹಾಗೇ ಅಲ್ವಾ? ನ್ಯೂಯಾರ್ಕಿನ ಸೂಸೈಡ್ ಅನ್ನೋ ಬ್ಯಾಂಡ್ ಅಂದರೆ ಅಲನ್ ವೇಗಾ ಮತ್ತು ಮಾರ್ಟಿನ್ ರೆವ್, ಇಬ್ಬರೇ. 1977ರ ಅವರ ಮೊದಲ ಆಲ್ಬಂನಲ್ಲಿ ಗಿಟಾರೇ ಇಲ್ಲ. ಕೆನಡಾದ ವ್ಯಾಂಕೂವರ್‌ನಲ್ಲಿ 1982ರಲ್ಲಿ ಸ್ಕಿನ್ನಿ ಪಪ್ಪಿ ಶುರುವಾದಾಗ ಇದ್ದದ್ದು ಕೆವಿನ್ ಕೀ ಮತ್ತು ಓಗರ್. ಇಂಡಸ್ಟ್ರಿಯಲ್ ಅನ್ನೋ ಹೆಸರು ಬಂದದ್ದೂ ಥ್ರಾಬಿಂಗ್ ಗ್ರಿಸಲ್ ಅನ್ನೋ ಬ್ರಿಟಿಷ್ ಗುಂಪು 1976ರಲ್ಲಿ ತಾನೇ ತೆಗೆದ ಇಂಡಸ್ಟ್ರಿಯಲ್ ರೆಕಾರ್ಡ್ಸ್ ಅನ್ನೋ ಲೇಬಲ್‌ನಿಂದ, ಅಂದರೆ ರೆಕಾರ್ಡ್ ಕಂಪನಿಯಿಂದ. ಕಂಪನಿಗೆ ಕಾಯದೆ ಇರೋದು ಈ ಸಂಗೀತಕ್ಕೆ ಹುಟ್ಟಿನಿಂದಲೇ ಬಂದ ಗುಣ.

ಸದ್ದಿಗೆ ನೀವು ದೂರ ಹೋಗಬೇಕಿಲ್ಲ. ಮೊದಲ ಎರಡು ವರ್ಷ ನಾವು ಇಂಟರ್ನೆಟ್ಟಿಂದ ಯಾರದೋ ಫ್ಯಾಕ್ಟರಿ ಸದ್ದು ಇಳಿಸಿಕೊಂಡು ಕೂರುತ್ತಿದ್ದೆವು. ಎಲ್ಲ ಹಾಡೂ ಯಾರದೋ ಹಾಡಿನ ಥರ ಕೇಳುತ್ತಿತ್ತು. ಒಂದು ದಿನ ನಮ್ಮೂರ ಪಕ್ಕದ ಆಲೆಮನೆಗೆ ಹೋದೆವು. ನಡುಕವನ್ನ ಕರೆಂಟಾಗಿಸೋ ಪೀಜೋ ಬಿಲ್ಲೆಗೆ ವೈರ್ ಬೆಸುಗೆ ಹಾಕಿ ಗೆಳೆಯನೇ ಮಾಡಿದ್ದ ಮೈಕು, ಅದನ್ನ ಗಾಣದ ಕಬ್ಬಿಣದ ಚೌಕಟ್ಟಿಗೆ ಇನ್ಸುಲೇಷನ್ ಟೇಪಿನಲ್ಲಿ ಅಂಟಿಸಿದೆವು. ಈ ಮೈಕು ಗಾಳಿಯ ಸದ್ದು ಹಿಡಿಯಲ್ಲ, ಕಬ್ಬಿಣದ ನಡುಕ ಮಾತ್ರ ಹಿಡಿಯುತ್ತದೆ. ಹೆಡ್‌ಫೋನ್ ಹಾಕಿಕೊಂಡೆ. ಜಲ್ಲೆ ರೋಲರಿನ ಬಾಯಿಗೆ ಸಿಕ್ಕ ತಕ್ಷಣ ಮೋಟಾರಿನ ಶ್ರುತಿ ಕೆಳಗಿಳಿಯಿತು, ಸಿಪ್ಪೆ ಆಚೆ ಬೀಳುತ್ತಿದ್ದ ಹಾಗೆ ಮತ್ತೆ ಮೇಲೇರಿತು. ನಡುವೆ ಬೆಲ್ಟಿನ ಜೋಡಣೆ ಪುಲ್ಲಿಗೆ ತಾಗುವ ಟಪ್, ಟಪ್. ತಾಳ ಅಲ್ಲೇ ಇತ್ತು, ನಾವು ಹಾಕಬೇಕಾಗಿಯೇ ಇರಲಿಲ್ಲ. ಅಲ್ಲಿದ್ದ ಅಣ್ಣ ಕಬ್ಬಿನ ಹಾಲು ಕೊಟ್ಟು, ಕೊಪ್ಪರಿಗೆ ಕುದಿಯೋ ಸದ್ದೂ ಹಿಡ್ಕೊಳ್ಳಿ ಅಂದರು. ಆ ಒಂದು ಮಧ್ಯಾಹ್ನದ ರೆಕಾರ್ಡಿಂಗ್‌ನಲ್ಲಿ ನಮ್ಮ ಎರಡನೇ ಆಲ್ಬಂ ಪೂರ್ತಿ ನಿಂತಿದೆ. ನಿಮಗೆ ಮೈಸೂರಲ್ಲಿ ಲೇತ್ ಇದೆ, ಮಗ್ಗ ಇದೆ, ಊದುಬತ್ತಿ ಮಿಷನ್ ಇದೆ. ಮಾಲೀಕರನ್ನ ಕೇಳಿ, ಏನಕ್ಕೆ ಅಂತ ಹೇಳಿ, ಆಮೇಲೆ ಮೈಕ್ ಇಡಿ.

ದುಡ್ಡಿನ ವಿಷಯ ಬೇಗ ಹೇಳಿಬಿಡುತ್ತೇನೆ. ಸ್ಪಾಟಿಫೈನಲ್ಲಿ ಒಂದು ಹಾಡು 12 ತಿಂಗಳಲ್ಲಿ 1,000 ಸಲ ಓಡದಿದ್ದರೆ ಅದಕ್ಕೆ ಏನೂ ಕೊಡಲ್ಲ, 2024ರಿಂದ ಹೀಗೆ. ನಮ್ಮಂಥವರ ಅರ್ಧ ಹಾಡುಗಳು ಅಲ್ಲೇ ಸೋರಿಹೋಗುತ್ತವೆ. ನಮ್ಮಂಥವರು ಹಾಡನ್ನ ನೇರವಾಗಿ ಮಾರೋ ಬ್ಯಾಂಡ್‌ಕ್ಯಾಂಪ್ ಅನ್ನೋ ವೆಬ್‌ಸೈಟ್ ಡಿಜಿಟಲ್ ಮಾರಾಟದಲ್ಲಿ ನೂರಕ್ಕೆ 15, ಕ್ಯಾಸೆಟ್, ಟೀ ಶರ್ಟಿಗೆ 10 ಹಿಡಿದುಕೊಳ್ಳುತ್ತದೆ. 2020ರ ಮಾರ್ಚಿನಿಂದ ಕೆಲವು ಶುಕ್ರವಾರ ಆ ಪಾಲನ್ನೂ ಬಿಟ್ಟುಕೊಡುತ್ತದೆ. ನಾವು ಹೊಸದನ್ನ ಬಿಡೋದು ಅಂಥ ಶುಕ್ರವಾರವೇ. ನಮ್ಮಿಂದ ಕೊಳ್ಳುವವರಲ್ಲಿ ಜಾಸ್ತಿ ಜನ ಜರ್ಮನಿ, ಬೆಲ್ಜಿಯಂ ಕಡೆಯವರು. ಊರಲ್ಲಿ ಯಾರೂ ಕೇಳಲ್ಲ ಅಂತ ಬೇಸರ ಮಾಡಿಕೊಳ್ಳಬೇಡಿ. ಮೆಡ್ಟ್‌ನರ್ ಅಂತ ಒಬ್ಬ ರಷ್ಯನ್ ಸಂಯೋಜಕರಿದ್ದರು. ಲಂಡನ್ನಿನಲ್ಲಿದ್ದ ಅವರಿಗೆ ಕೊನೆಗಾಲದಲ್ಲಿ ತಮ್ಮ ರಚನೆಗಳನ್ನ ರೆಕಾರ್ಡ್ ಮಾಡೋಕೆ ದುಡ್ಡು ಕೊಟ್ಟವರು ನಮ್ಮ ಜಯಚಾಮರಾಜ ಒಡೆಯರು. ಮೆಡ್ಟ್‌ನರ್ ಸಂಗೀತವನ್ನ ಅಷ್ಟು ಪ್ರೀತಿಯಿಂದ ಕೇಳುವವರು ಮೈಸೂರಿನಲ್ಲಿದ್ದರು. ನಿಮ್ಮನ್ನ ಕೇಳುವವರು ಎಲ್ಲಿದ್ದಾರೋ, ಹಾಡು ಅವರಿಗೆ ಸಿಗುವ ಜಾಗದಲ್ಲಿ ಇರಬೇಕು, ಅಷ್ಟೇ.

ಈಗ ಮುಖ್ಯವಾದ ಮಾತು. ಜೋಡಿಗಳು ಒಡೆಯೋದು ಹಾಡಿನಿಂದ ಕಮ್ಮಿ. ಜರ್ಮನಿಯ ಡ್ಯೂಸೆಲ್ಡಾರ್ಫಿನ ಡಿಎಎಫ್ ಅನ್ನೋ ಬ್ಯಾಂಡ್ ಇಬ್ಬರಾದ ಮೇಲೆ 1981, 82ರಲ್ಲಿ ದೊಡ್ಡ ಕಂಪನಿಗೆ ಮೂರು ಆಲ್ಬಂ ಮಾಡಿತು, ಒಳ್ಳೇ ಹೆಸರಿದ್ದಾಗಲೇ ಒಡೆಯಿತು. ಸ್ಕಿನ್ನಿ ಪಪ್ಪಿ ತೊಂಬತ್ತರ ದಶಕದಲ್ಲಿ ಅಮೆರಿಕದ ದೊಡ್ಡ ಲೇಬಲ್ ಸೇರಿತು. ಆ ಆಲ್ಬಂ ಹೊರಬರುವ ಮೊದಲೇ ಬ್ಯಾಂಡ್ ಮುರಿಯಿತು, ನಡುವೆ ಬಂದು ಸೇರಿದ್ದ ಡ್ವೇನ್ ಗೆಟ್ಟೆಲ್ 1995ರಲ್ಲಿ ತೀರಿಕೊಂಡರು. ಮೊದಲ ಇಬ್ಬರು ಮತ್ತೆ ಒಂದೇ ವೇದಿಕೆ ಹತ್ತಿದ್ದು 2000ದಲ್ಲಿ.

ನಮಗೂ ಒಂದು ಏಟು ಬಿತ್ತು. ನಾಲ್ಕನೇ ವರ್ಷ ಒಬ್ಬರು ಸಂಕಲನಕ್ಕೆ ಅಂತ ನಮ್ಮ ಎರಡು ಹಾಡು ಕೇಳಿದರು. ಫೋನಿನಲ್ಲೇ ಹೂಂ ಅಂದೆವು, ಏನೂ ಬರೆಸಿಕೊಳ್ಳಲಿಲ್ಲ. ಆಮೇಲೆ ನಮ್ಮ ಹಾಡನ್ನ ನಾವೇ ಇಂಟರ್ನೆಟ್ಟಿಗೆ ಹಾಕೋಕೆ ಹೋದರೆ ಹಕ್ಕು ಬೇರೆಯವರದು ಅಂತ ತೆಗೆದುಹಾಕಿದರು. ನೀನು ಒಪ್ಪಿದ್ದು, ಇಲ್ಲ ನೀನು ಒಪ್ಪಿದ್ದು ಅಂತ ಜಗಳ ಆಗಿ ಏಳು ತಿಂಗಳು ನಾವಿಬ್ಬರು ಮಾತಾಡಲಿಲ್ಲ. ನನ್ನ ಜೀವನದ ತುಂಬಾ ಕೆಟ್ಟ ಏಳು ತಿಂಗಳು ಅವು. ಕೊನೆಗೆ ಅವನೇ ಮಂಡ್ಯಕ್ಕೆ ಬಂದ. ಹೋಟೆಲಿನಲ್ಲಿ ಕೂತು ಒಂದು ಹಾಳೆ ಬರೆದೆವು. ಯಾರು ಎಷ್ಟು ಕೆಲಸ ಮಾಡಿದರೂ ಪ್ರತಿ ಹಾಡೂ ಅರ್ಧರ್ಧ. ಇಬ್ಬರ ಸಹಿ ಇಲ್ಲದೆ ಯಾವ ಹಾಡೂ ಆಚೆ ಹೋಗಲ್ಲ. ಒಬ್ಬ ಬಿಟ್ಟರೆ ಇನ್ನೊಬ್ಬ ಆ ಹೆಸರು ಬಳಸಲ್ಲ. ಮೂಲ ಫೈಲುಗಳು ಎರಡು ಹಾರ್ಡ್‌ಡಿಸ್ಕಿನಲ್ಲಿ, ಎರಡು ಮನೆಯಲ್ಲಿ. ಅಷ್ಟೇ ಇರೋದು ಅದರಲ್ಲಿ. ಗೆಳೆಯನ ಅಮ್ಮ ಆ ಹಾಳೆಯನ್ನ ಪ್ಲಾಸ್ಟಿಕ್ ಕವರಿಗೆ ಹಾಕಿ ಬೀರುವಿನಲ್ಲಿ ಜಮೀನಿನ ಪತ್ರದ ಜೊತೆ ಇಟ್ಟಿದ್ದಾರೆ.

ನೀವಿಬ್ಬರೂ ಮುಂದಿನ ಹಾಡು ಬಿಡುವ ಮೊದಲು ಇಂಥದೊಂದು ಬರೆದುಕೊಳ್ಳಿ. ಬೇಕಿದ್ದರೆ ಹೇಳಿ, ಹೆಸರು ತೆಗೆದು ನಮ್ಮದರ ನಕಲು ಕಳಿಸುತ್ತೇನೆ.