ಡಿಗ್ರಿಯಲ್ಲಿ ಕಲಿತ ಗಣಿತದಿಂದ ದಿನನಿತ್ಯದ ವಿಷಯಗಳಿಗೆ ಮಾಡೆಲ್ ಕಟ್ಟುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ನೀವು ಬಿಎಸ್ಸಿ ಎರಡನೇ ವರ್ಷದಲ್ಲಿದ್ದೀರಿ. ಡಿಫರೆನ್ಷಿಯಲ್ ಈಕ್ವೇಶನ್, ಅಂದರೆ ಒಂದು ಪ್ರಮಾಣ ಬದಲಾಗುವ ದರವನ್ನು ಹೇಳುವ ಸಮೀಕರಣ, ಕೊಟ್ಟರೆ ಬಿಡಿಸುತ್ತೀರಿ. ಆದರೆ ಕಣ್ಣೆದುರಿನ ಯಾವುದೋ ವಿಷಯ ತೋರಿಸಿ ಇದಕ್ಕೆ ಈಕ್ವೇಶನ್ ಬರೆಯಿರಿ ಅಂದರೆ ಕೈ ಓಡುವುದಿಲ್ಲ. ಎಲ್ಲಿಂದ ಶುರು ಮಾಡಬೇಕು?

ನಾನು ಡಿಗ್ರಿ ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತೇನೆ. ನನ್ನ ಉತ್ತರ: ತೂತಿರುವ ಬಾಟಲಿಯಿಂದ ಶುರು ಮಾಡಿ. ಪುಸ್ತಕದ ಲೆಕ್ಕದಲ್ಲಿ ಯಾವುದನ್ನು ಗಣನೆಗೆ ತಗೋಬೇಕು, ಯಾವುದನ್ನು ಬಿಡಬೇಕು ಅಂತ ಬೇರೆ ಯಾರೋ ಮೊದಲೇ ತೀರ್ಮಾನಿಸಿರುತ್ತಾರೆ. ಮಾಡೆಲ್ ಕಟ್ಟುವಾಗ ಆ ತೀರ್ಮಾನ ನಿಮ್ಮ ಮೇಲೆ ಬೀಳುತ್ತದೆ. ಕಷ್ಟ ಇರುವುದು ಅಲ್ಲೇ. ಅದನ್ನು ಕಲಿಯಬೇಕಾದರೆ, ಲೆಕ್ಕ ಹಾಕಿದ ದಿನವೇ ಅಳೆದು ನೋಡಬಹುದಾದ ವಿಷಯ ಬೇಕು.

ಗೋಡೆ ನೇರವಾಗಿರುವ ಒಂದು ದೊಡ್ಡ ಪ್ಲಾಸ್ಟಿಕ್ ಬಾಟಲಿ ತಗೊಳ್ಳಿ. ಅದರ ಅಡ್ಡಳತೆ 10 ಸೆಂಟಿಮೀಟರ್ ಅಂತಿಟ್ಟುಕೊಳ್ಳೋಣ. ಬುಡದ ಹತ್ತಿರ ಪಕ್ಕದಲ್ಲಿ 4 ಮಿಲಿಮೀಟರಿನ ತೂತು ಮಾಡಿ. ತೂತಿನಿಂದ ಮೇಲಕ್ಕೆ ಸೆಂಟಿಮೀಟರ್ ಗುರುತಿರುವ ಕಾಗದದ ಪಟ್ಟಿ ಅಂಟಿಸಿ. ಬೆರಳಲ್ಲಿ ತೂತು ಮುಚ್ಚಿ 20 ಸೆಂಟಿಮೀಟರಿನವರೆಗೆ ನೀರು ತುಂಬಿ. ಮುಚ್ಚಳ ಹಾಕಬೇಡಿ. ಈಗ ಬೆರಳು ತೆಗೆದು ಮೊಬೈಲಿನಲ್ಲಿ ವಿಡಿಯೋ ಮಾಡಿ.

ಈಕ್ವೇಶನ್ ಬರೆಯಲು ಎರಡೇ ಮಾತು ಸಾಕು. ಒಂದು, ತೂತಿನಿಂದ ಹೊರಗೆ ಹೋದಷ್ಟೇ ನೀರು ಬಾಟಲಿಯಲ್ಲಿ ಕಡಿಮೆಯಾಗುತ್ತದೆ. ಎರಡು, ನೀರು ಚಿಮ್ಮುವ ವೇಗ ತೂತಿನ ಮೇಲಿರುವ ನೀರಿನ ಎತ್ತರದ ವರ್ಗಮೂಲಕ್ಕೆ ತಕ್ಕಂತೆ ಇರುತ್ತದೆ. ಎರಡನೆಯದನ್ನು ಇಟಲಿಯ ಟೊರಿಚೆಲ್ಲಿ 1644ರಲ್ಲಿ ಪ್ರಕಟಿಸಿದ. ಎರಡನ್ನೂ ಸೇರಿಸಿದರೆ, ಮಟ್ಟ ಇಳಿಯುವ ದರ ಎತ್ತರದ ವರ್ಗಮೂಲದ ಇಷ್ಟು ಪಟ್ಟು ಅಂತ ಬರುತ್ತದೆ. ವೇರಿಯಬಲ್‌ಗಳನ್ನು ಬೇರೆ ಮಾಡಿ ಇಂಟಿಗ್ರೇಟ್ ಮಾಡಿದರೆ ಆಯ್ತು. ಸಿಗುವ ಉತ್ತರ: ಎತ್ತರದ ವರ್ಗಮೂಲ ಸಮಯದ ಜೊತೆ ಒಂದೇ ಸಮನೆ ಇಳಿಯುತ್ತದೆ.

ಇದರಿಂದ ಒಂದು ಸೊಗಸಾದ ಮಾತು ಹೊರಡುತ್ತದೆ. 20ರ ವರ್ಗಮೂಲದ ಅರ್ಧ, 5ರ ವರ್ಗಮೂಲ. ಹಾಗಾಗಿ ನೀರು 20ರಿಂದ 5 ಸೆಂಟಿಮೀಟರಿಗೆ ಇಳಿಯಲು ಎಷ್ಟು ಹೊತ್ತು ಬೇಕೋ, ಉಳಿದ 5 ಸೆಂಟಿಮೀಟರ್ ಖಾಲಿಯಾಗಲೂ ಅಷ್ಟೇ ಹೊತ್ತು ಬೇಕು! ಮುಕ್ಕಾಲು ಪಾಲು ಅರ್ಧ ಸಮಯದಲ್ಲಿ, ಕಾಲು ಪಾಲು ಇನ್ನರ್ಧ ಸಮಯದಲ್ಲಿ.

ಈಗ ಅಳತೆಗೆ ಬನ್ನಿ. ಲೆಕ್ಕದ ಪ್ರಕಾರ ಬಾಟಲಿ ಸುಮಾರು 126 ಸೆಕೆಂಡಿನಲ್ಲಿ ಖಾಲಿಯಾಗಬೇಕು. ಆದರೆ ತೂತಿನ ಅಂಚು ಚೂಪಾಗಿದ್ದರೆ 3 ನಿಮಿಷ ದಾಟುತ್ತದೆ. ಮಾಡೆಲ್ ತಪ್ಪು ಅಂತ ಇಲ್ಲಿ ಕೈಬಿಡಬೇಡಿ. ಎತ್ತರದ ವರ್ಗಮೂಲವನ್ನು ಸಮಯದ ಎದುರಿಗೆ ಗ್ರಾಫ್ ಹಾಕಿ. ಗೆರೆ ನೇರವಾಗಿಯೇ ಬರುತ್ತದೆ, ಇಳಿಜಾರು ಮಾತ್ರ ಕಡಿಮೆ. ಅಂದರೆ ನೀವು ಬರೆದ ರೂಪ ಸರಿ, ಒಂದು ಸಂಖ್ಯೆ ಮಾತ್ರ ಸರಿಯಿಲ್ಲ. ಆ ಸಂಖ್ಯೆ ಯಾವುದು? ತೂತಿನಿಂದ ಹೊರಬಿದ್ದ ನೀರಿನ ಎಳೆಯನ್ನು ಹತ್ತಿರದಿಂದ ನೋಡಿ. ಅದು ತೂತಿಗಿಂತ ಸಪೂರವಾಗಿರುತ್ತದೆ. ಎಲ್ಲ ಕಡೆಯಿಂದ ತೂತಿನತ್ತ ನುಗ್ಗುವ ನೀರು ಥಟ್ಟನೆ ತಿರುಗಲಾರದೆ ಒಳಕ್ಕೆ ಕುಗ್ಗುತ್ತದೆ. ಚೂಪು ಅಂಚಿನ ತೂತಿನಲ್ಲಿ ಹರಿವು ಲೆಕ್ಕದ ಸುಮಾರು 0.6ರಷ್ಟೇ ಇರುತ್ತದೆ. ಕೊನೆಯಲ್ಲಿ ಮಟ್ಟ ತೂತಿನ ಹತ್ತಿರ ಬಂದಾಗ ಗ್ರಾಫ್ ಮತ್ತೆ ನೇರ ದಾರಿ ಬಿಡುತ್ತದೆ. ಅಲ್ಲಿ ನೀರು ಧಾರೆಯಾಗಿ ಬೀಳದೆ ತೊಟ್ಟಿಕ್ಕುತ್ತದೆ, ಮೇಲ್ಮೈ ಎಳೆತ ಶುರುವಾಗುತ್ತದೆ. ನೀವು ಬಿಟ್ಟಿದ್ದ ಸಂಗತಿಗಳು ಎಲ್ಲಿ ಎಷ್ಟು ಮುಖ್ಯ ಅಂತ ಗ್ರಾಫೇ ತೋರಿಸಿಕೊಡುತ್ತದೆ. ಇಷ್ಟನ್ನು ಒಂದು ಸಲ ಸ್ವಂತ ಕೈಯಲ್ಲಿ ಮಾಡಿದ ವಿದ್ಯಾರ್ಥಿ ಆಮೇಲೆ ಬೇರೆಯೇ ರೀತಿ ಯೋಚಿಸುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಇದೇ ನೀರನ್ನು ತಿರುಗಿಸಿ ನೋಡಿ. ಹಿಂದೆ ಮದುವೆ ಮನೆಗಳಲ್ಲಿ ಮುಹೂರ್ತಕ್ಕಾಗಿ ಗಳಿಗೆ ಬಟ್ಟಲು ಇಡುತ್ತಿದ್ದರು, ಅಜ್ಜ ಅಜ್ಜಿಯರನ್ನು ಕೇಳಿ. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಪಾತ್ರೆಯಲ್ಲಿ ತೇಲಿಬಿಡುತ್ತಾರೆ. ಅದು ತುಂಬಿ ಮುಳುಗಿದರೆ ಒಂದು ಗಳಿಗೆ, ಅಂದರೆ 24 ನಿಮಿಷ. ಹಗಲು ರಾತ್ರಿ ಸೇರಿ 60 ಸಲ ಮುಳುಗುವ ತಾಮ್ರದ ಬಟ್ಟಲಿನ ಮಾತು ಸೂರ್ಯಸಿದ್ಧಾಂತದಲ್ಲೂ ಇದೆ.

ಬಾಟಲಿಯಲ್ಲಿ ಹರಿವು ಬರಬರುತ್ತಾ ನಿಧಾನವಾಯಿತು. ಬಟ್ಟಲಿನಲ್ಲೂ ಹಾಗೇ ಆಗುತ್ತದಾ? ಗೋಡೆ ತೆಳುವಾಗಿ, ನೇರವಾಗಿದೆ ಅಂದುಕೊಳ್ಳಿ. ತೇಲುವ ವಸ್ತು ತನ್ನ ತೂಕದಷ್ಟು ನೀರನ್ನು ಪಕ್ಕಕ್ಕೆ ತಳ್ಳಬೇಕು. ಒಳಗೆ ಬಂದ ನೀರು ತನ್ನ ತೂಕಕ್ಕೆ ತಾನೇ ಸರಿಹೋಗುತ್ತದೆ. ಉಳಿದದ್ದು ಬಟ್ಟಲಿನ ತೂಕ ಮಾತ್ರ. ಅದು ಬದಲಾಗುವುದಿಲ್ಲ, ಅಲ್ವಾ? ಹಾಗಾಗಿ ಹೊರಗಿನ ಮಟ್ಟಕ್ಕೂ ಒಳಗಿನ ಮಟ್ಟಕ್ಕೂ ಇರುವ ವ್ಯತ್ಯಾಸ ಕೊನೆಯವರೆಗೂ ಅಷ್ಟೇ ಇರುತ್ತದೆ. ನೀರು ಒಂದೇ ವೇಗದಲ್ಲಿ ಒಳಗೆ ಬರುತ್ತದೆ. ಈಕ್ವೇಶನ್ನಿನಲ್ಲಿ ವರ್ಗಮೂಲ ಇದ್ದರೂ ಅದರೊಳಗಿರುವುದು ಸ್ಥಿರ ಸಂಖ್ಯೆ. ಈ ಲೆಕ್ಕ ನನಗೆ ಪಂಚಪ್ರಾಣ. ಬಟ್ಟಲು ದುಂಡಗಿದ್ದರೆ ವ್ಯತ್ಯಾಸ ಬದಲಾಗುತ್ತಾ ಹೋಗುತ್ತದೆ. ಅದನ್ನು ಕಂಪ್ಯೂಟರಿನಲ್ಲಿ ಆಯ್ಲರ್ ವಿಧಾನದಿಂದ ಚಿಕ್ಕ ಚಿಕ್ಕ ಹೆಜ್ಜೆ ಇಟ್ಟು ಬಿಡಿಸಬೇಕು. ಅದು ನಿಮಗೆ ಬಿಟ್ಟದ್ದು.

ಅಳತೆಯ ತಾಪತ್ರಯ ಬೇಡ ಅನ್ನುವವರಿಗೆ ಮನೆ ಸಾಲ ಇದೆ. 10 ಲಕ್ಷ ಸಾಲ, ವರ್ಷಕ್ಕೆ ಶೇಕಡಾ 9 ಬಡ್ಡಿ, 20 ವರ್ಷ. ಈ ತಿಂಗಳ ಬಾಕಿಯನ್ನು 1.0075ರಿಂದ ಗುಣಿಸಿ ಕಂತು ಕಳೆದರೆ ಮುಂದಿನ ತಿಂಗಳ ಬಾಕಿ. 240 ತಿಂಗಳಿಗೆ ಬಾಕಿ ಸೊನ್ನೆ ಆಗಬೇಕು ಅಂತ ಹಾಕಿದರೆ ಕಂತು ಸುಮಾರು 8,997 ರೂಪಾಯಿ. ಮೊದಲ ಕಂತಿನಲ್ಲಿ 7,500 ಬಡ್ಡಿಗೇ ಹೋಗುತ್ತದೆ. ಅಸಲು ಅರ್ಧಕ್ಕೆ ಇಳಿಯುವುದು ಯಾವಾಗ? 14ನೇ ವರ್ಷದ ಕೊನೆಗೆ. ಗುಣೋತ್ತರ ಶ್ರೇಢಿ ಗೊತ್ತಿದ್ದರೆ ಸಾಕು, ಇಷ್ಟೆಲ್ಲ ನೀವೇ ಲೆಕ್ಕ ಹಾಕಬಹುದು. ಸಾಲ ತಗೊಳ್ಳುವ ಮನೆಯವರಿಗೆ ಇದನ್ನು ದಯವಿಟ್ಟು ಲೆಕ್ಕ ಹಾಕಿ ತೋರಿಸಿ.

ಮ್ಯಾಟ್ರಿಕ್ಸ್ ಎಲ್ಲಿ ಬರುತ್ತದೆ ಅಂತಲೂ ಕೇಳಿದ್ದೀರಿ. ರೊನಾಲ್ಡ್ ರಾಸ್ ಹೆಸರು ಕೇಳಿರುತ್ತೀರಿ. 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣುವನ್ನು ಕಂಡವರು. ಅದಕ್ಕೂ ಮೊದಲು ಬೆಂಗಳೂರಿನಲ್ಲೂ ಕೆಲಸ ಮಾಡಿದ್ದರು. 1902ರಲ್ಲಿ ನೊಬೆಲ್ ಬಂತು. ಆಮೇಲೆ ಅವರು ಸೊಳ್ಳೆಗಳ ಗಣಿತಕ್ಕೆ ಕೈಹಾಕಿದರು. ಊರಿನ ಸೊಳ್ಳೆಯನ್ನೆಲ್ಲ ಕೊಲ್ಲಲು ಆಗುವುದಿಲ್ಲ, ಹಾಗಾಗಿ ಸೊಳ್ಳೆ ನಿಯಂತ್ರಣ ದಂಡ ಅಂತ ವಾದಿಸುವವರಿದ್ದರು. ಸೊಳ್ಳೆಗಳ ಸಂಖ್ಯೆ ಒಂದು ಮಿತಿಗಿಂತ ಕೆಳಗಿಳಿದರೆ ಸಾಕು, ರೋಗ ತಾನಾಗಿ ಇಳಿಯುತ್ತದೆ ಅಂತ ರಾಸ್ ಲೆಕ್ಕದಿಂದ ತೋರಿಸಿದರು. ಸೋಂಕು ತಗುಲಿದ ಜನ, ಸೋಂಕು ತಗುಲಿದ ಸೊಳ್ಳೆ ಅಂತ ಎರಡು ಅಜ್ಞಾತ ಇಟ್ಟುಕೊಳ್ಳಿ. ರೋಗ ಕಡಿಮೆ ಇರುವಾಗ ಅದು ಎರಡು ಸಾಲು ಎರಡು ಕಂಬದ ಮ್ಯಾಟ್ರಿಕ್ಸ್. ಅದರ ದೊಡ್ಡ ಐಗನ್ ವ್ಯಾಲ್ಯೂ (ಇಲ್ಲಿ ರೋಗ ಬೆಳೆಯುವ ದರ ಹೇಳುವ ಸಂಖ್ಯೆ) ಧನವಾ ಋಣವಾ ಅನ್ನುವುದರ ಮೇಲೆ ರೋಗ ಹರಡುತ್ತದಾ ಇಲ್ಲವಾ ಅನ್ನುವುದು ನಿಂತಿದೆ. ಪರೀಕ್ಷೆಗೆ ಸುಮ್ನೆ ಬಾಯಿಪಾಠ ಮಾಡುವ ವಿಷಯ ಎಷ್ಟು ಜೀವ ಉಳಿಸಬಲ್ಲದು ನೋಡಿ.

ಕೊನೆಗೆ, ಸ್ವಂತವಾಗಿ ಮಾಡಲು ಒಂದು ಕೆಲಸ. ನಿಮ್ಮ ಸ್ಟಾಪಿಗೆ ಸರಾಸರಿ 10 ನಿಮಿಷಕ್ಕೊಂದು ಬಸ್ ಬಂದರೆ 5 ನಿಮಿಷ ಕಾಯಬೇಕು ಅಂತ ಅನಿಸುತ್ತದೆ. ಆದರೆ ಬಸ್ಸುಗಳು ಜೋಡಿಯಾಗಿ ಬಂದು, ಅಂತರ ಒಮ್ಮೆ 2 ನಿಮಿಷ, ಇನ್ನೊಮ್ಮೆ 18 ನಿಮಿಷ ಆದರೆ, ನೀವು ಉದ್ದದ ಅಂತರದಲ್ಲಿ ಸಿಕ್ಕಿಬೀಳುವ ಸಾಧ್ಯತೆಯೇ ಜಾಸ್ತಿ. ಸರಾಸರಿ ಕಾಯುವಿಕೆ 8.2 ನಿಮಿಷಕ್ಕೆ ಏರುತ್ತದೆ. ಸೂತ್ರ ಇದು: ಅಂತರಗಳ ವರ್ಗದ ಸರಾಸರಿಯನ್ನು, ಅಂತರದ ಸರಾಸರಿಯ ಎರಡರಷ್ಟರಿಂದ ಭಾಗಿಸಿ. ಇದನ್ನು ಮೊದಲು ನೀವೇ ಸಾಧಿಸಿ. ಆಮೇಲೆ ಒಂದು ವಾರ ನಿಮ್ಮ ಸ್ಟಾಪಿನಲ್ಲಿ ಬಸ್ ಬಂದ ಹೊತ್ತನ್ನು ಬರೆದಿಟ್ಟು, ಆ ಅಂತರಗಳನ್ನು ಸೂತ್ರಕ್ಕೆ ಹಾಕಿ ನೋಡಿ.