ಓದುಗರ ಪ್ರಶ್ನೆ: ಕೊಸುಮೆಲ್ ತೀರದಲ್ಲಿ ಒಂದು ಹಗಲು

ಪ್ರಶ್ನೆ: ನಾನು ಮೂಡಿಗೆರೆ ಸಮೀಪದ ಕಾಫಿ ತೋಟದವಳು, ವಯಸ್ಸು 58. ಫ್ಲಾರಿಡಾದಲ್ಲಿರುವ ಮಗಳು ಬರುವ ಮೇ ತಿಂಗಳಲ್ಲಿ ನಮ್ಮಿಬ್ಬರನ್ನೂ ಕೆರಿಬಿಯನ್ ಸಮುದ್ರದಲ್ಲಿ ಏಳು ದಿನಗಳ ಹಡಗು ಪ್ರವಾಸಕ್ಕೆ ಕರೆದೊಯ್ಯಲಿದ್ದಾಳೆ. ಹಡಗು ಮೆಕ್ಸಿಕೊದ ಕೊಸುಮೆಲ್ ದ್ವೀಪದಲ್ಲಿ ಒಂದು ಹಗಲು ನಿಲ್ಲುತ್ತದಂತೆ. ಅಲ್ಲಿ ಎಲ್ಲರೂ ಸ್ನಾರ್ಕೆಲಿಂಗ್ ಮಾಡೋಣ ಎಂಬುದು ಅಳಿಯನ ಆಸೆ. ನಮ್ಮ ಯಜಮಾನರು ತೋಟದ ಕೆರೆಯಲ್ಲಿ ಈಜಿ ಬೆಳೆದವರು. ಆದರೆ ಅವರಿಗೀಗ 64, ರಕ್ತದೊತ್ತಡಕ್ಕೆ ಮಾತ್ರೆ ನುಂಗುತ್ತಾರೆ, ಕನ್ನಡಕವಿಲ್ಲದೆ ದೂರದ್ದು ಕಾಣದು. ನಾನಂತೂ ಹೊಳೆಯಲ್ಲಿ ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿದವಳಲ್ಲ. ಭಯವಿಲ್ಲದೆ, ಗಡಿಬಿಡಿಯಿಲ್ಲದೆ ಆ ದಿನ ಕಳೆಯಲು ಸಾಧ್ಯವೇ?

ಉತ್ತರ: ಸಾಧ್ಯವಿದೆ. ಸ್ನಾರ್ಕೆಲಿಂಗ್ ಎಂದರೆ ಮುಳುಗುವುದಲ್ಲ. ಗಾಜಿನ ಮಾಸ್ಕ್ ಕಟ್ಟಿಕೊಂಡು, ಬಾಯಲ್ಲಿ ಉಸಿರುಕೊಳವೆ ಕಚ್ಚಿಕೊಂಡು, ನೀರಿನ ಮೇಲೆ ಬೋರಲಾಗಿ ತೇಲುತ್ತ ಕೆಳಗಿನದನ್ನು ನೋಡುವುದು. ಇದಕ್ಕೆ ಈಜಿನ ವೇಗಕ್ಕಿಂತ ಅಲುಗದೆ ತೇಲುವ, ನಿಧಾನವಾಗಿ ಉಸಿರಾಡುವ ಅಭ್ಯಾಸ ಮುಖ್ಯ. ಉಪ್ಪುನೀರು ಕೆರೆಯ ನೀರಿಗಿಂತ ಭಾರವಾದ್ದರಿಂದ ದೇಹ ಹೆಚ್ಚು ಸುಲಭವಾಗಿ ತೇಲುತ್ತದೆ. ಹಾಗಿದ್ದರೂ ನೀವು ಲೈಫ್ ಜಾಕೆಟ್ ಇಲ್ಲದೆ ನೀರಿಗೆ ಇಳಿಯಬಾರದು. ಕಾಲು ನೆಲಕ್ಕೆ ತಾಗುವ ಆಳವನ್ನು ದಾಟಲೂ ಬಾರದು.

ಕೊಸುಮೆಲ್ ಸುಮಾರು 48 ಕಿಲೋಮೀಟರ್ ಉದ್ದದ ದ್ವೀಪ. ಯುಕಟಾನ್ ಪರ್ಯಾಯ ದ್ವೀಪದಿಂದ ಹೊಂಡುರಾಸ್‌ವರೆಗೆ ಸುಮಾರು 1000 ಕಿಲೋಮೀಟರ್ ಹಬ್ಬಿರುವ ಹವಳದ ದಿಬ್ಬಗಳ ಸಾಲು ಇದರ ಪಕ್ಕದಲ್ಲೇ ಹಾದುಹೋಗುತ್ತದೆ. ಆಸ್ಟ್ರೇಲಿಯಾದ ದಿಬ್ಬಗಳ ನಂತರ ಜಗತ್ತಿನಲ್ಲಿ ಇದೇ ದೊಡ್ಡದು. ಇಲ್ಲಿನ ಹವಳದ ಪ್ರದೇಶವನ್ನು 1996ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ದ್ವೀಪದ ಪೂರ್ವ ದಂಡೆ ತೆರೆದ ಸಮುದ್ರಕ್ಕೆ ಮುಖ ಮಾಡಿರುವುದರಿಂದ ಅಲ್ಲಿ ಅಲೆ ಜೋರು. ಹಡಗುಗಳು ನಿಲ್ಲುವ ಪಶ್ಚಿಮ ದಂಡೆ ಶಾಂತವಾದದ್ದು. ನೀವು ಅಲ್ಲೇ ಉಳಿಯಿರಿ.

ಹಡಗಿನವರು ದೋಣಿಯಲ್ಲಿ ಪಲಂಕಾರ್ ಮುಂತಾದ ಹವಳ ದಿಬ್ಬಗಳಿಗೆ ಕರೆದೊಯ್ಯುವ ಪ್ರವಾಸಗಳನ್ನೂ ಮಾರುತ್ತಾರೆ. ಅಲ್ಲಿ ಆಳದ ನೀರಿನಲ್ಲಿ ಇಳಿದು ಹರಿವಿನ ಜೊತೆ ಸಾಗಬೇಕಾಗುತ್ತದೆ. ಮಗಳು, ಅಳಿಯ ಬೇಕಿದ್ದರೆ ಹೋಗಿಬರಲಿ, ನಿಮಗಿಬ್ಬರಿಗೂ ಅದು ಬೇಡ. ನಿಮ್ಮ ಯಜಮಾನರಿಗೆ ಈ ಮಾತು ಒಪ್ಪಿಗೆಯಾಗದೆ ಇರಬಹುದು. ಆದರೆ ಕೆರೆಯ ನೀರು ನಿಂತಲ್ಲೇ ನಿಲ್ಲುತ್ತದೆ, ಕೊಸುಮೆಲ್‌ನ ಸಮುದ್ರ ದಂಡೆಯ ಉದ್ದಕ್ಕೂ ಸದಾ ಹರಿಯುತ್ತದೆ ಎಂಬುದನ್ನು ಅವರಿಗೆ ತಿಳಿಸಿ. ಪಶ್ಚಿಮ ದಂಡೆಯ ಚಂಕನಾಬ್ ಉದ್ಯಾನದಂತೆ ದಡದಿಂದಲೇ ನೀರಿಗೆ ಇಳಿಯಬಹುದಾದ, ಕಾವಲುಗಾರರಿರುವ, ನೆರಳಿನಲ್ಲಿ ಒರಗು ಕುರ್ಚಿ ಸಿಗುವ ಒಂದೇ ಜಾಗವನ್ನು ಆರಿಸಿಕೊಂಡು ಇಡೀ ಹಗಲು ಅಲ್ಲೇ ಇದ್ದುಬಿಡಿ. ಒಂದೇ ದಿನದಲ್ಲಿ ಮೂರು ಕಡೆ ಓಡಾಡಿದವರಿಗೆ ಸಂಜೆ ನೆನಪಿನಲ್ಲಿ ಉಳಿಯುವುದು ಟ್ಯಾಕ್ಸಿ ಸಾಲು ಮಾತ್ರ.

ಬೆಳಿಗ್ಗೆ ಬೇಗ, ಗಾಳಿ ಏಳುವ ಮುನ್ನ ನೀರಿಗೆ ಇಳಿಯಿರಿ. ಮೊದಲು ಸೊಂಟದಷ್ಟು ನೀರಿನಲ್ಲಿ ನಿಂತು, ಮಗಳ ಕೈ ಹಿಡಿದುಕೊಂಡು, ಮುಖವನ್ನಷ್ಟೇ ನೀರಿಗೆ ತಗ್ಗಿಸಿ ಹತ್ತು ಉಸಿರು ಎಣಿಸಿ. ಮೂಗು ಮಾಸ್ಕ್‌ನೊಳಗೆ ಮುಚ್ಚಿರುತ್ತದೆ, ಉಸಿರು ಬಾಯಿಂದಲೇ ಆಗಬೇಕು. ಈ ವಿಚಿತ್ರಕ್ಕೆ ಮನಸ್ಸು ಒಗ್ಗಲು ಕೆಲವು ನಿಮಿಷ ಬೇಕು, ಅಲ್ಲಿಯವರೆಗೆ ಎದೆ ಹೊಡೆದುಕೊಳ್ಳುವುದು ಸಹಜ. ಕೊಳವೆಗೆ ನೀರು ನುಗ್ಗಿದರೆ ಒಲೆ ಊದುವಂತೆ ಒಮ್ಮೆ ಜೋರಾಗಿ ಊದಿ. ಆಗಲಿಲ್ಲವೆಂದರೆ ಎದ್ದು ನಿಂತು ಕೊಳವೆಯನ್ನು ಬಾಯಿಂದ ತೆಗೆದರಾಯಿತು. ಮಾಸ್ಕ್ ಮುಖಕ್ಕೆ ಹೊಂದುತ್ತದೆಯೇ ಎಂದು ನೋಡಲು ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೆಯಿರಿ. ಕೈ ಬಿಟ್ಟರೂ ಬೀಳದಿದ್ದರೆ ಸರಿಯಾಗಿದೆ. ಯಜಮಾನರಿಗೆ ದಪ್ಪ ಮೀಸೆಯಿದ್ದರೆ ಅಲ್ಲಿಂದಲೇ ನೀರು ಸೋರುತ್ತದೆ, ಹಾಗಾಗಿ ಹೊರಡುವ ಮೊದಲು ಅದನ್ನು ತುಸು ಕತ್ತರಿಸಿಕೊಳ್ಳುವುದು ಒಳ್ಳೆಯದು. ಕನ್ನಡಕದ ಮೇಲೆ ಮಾಸ್ಕ್ ಕೂರುವುದಿಲ್ಲ; ಆದರೆ ದೂರದ್ದು ಕಾಣದ ದೋಷಕ್ಕೆ ತಕ್ಕ ಪವರ್ ಇರುವ ಮಾಸ್ಕ್‌ಗಳು ಸಿಗುತ್ತವೆ, ಕಣ್ಣಿನ ಚೀಟಿಯನ್ನು ಮಗಳಿಗೆ ಈಗಲೇ ಕಳುಹಿಸಿಡಿ.

ಇನ್ನು ರಕ್ತದೊತ್ತಡದ ವಿಷಯ, ಇದನ್ನು ಲಘುವಾಗಿ ಕಾಣಬೇಡಿ. ದೇಹ ನೀರಿನಲ್ಲಿರುವಾಗ ಕೈಕಾಲುಗಳ ರಕ್ತ ಎದೆಯ ಕಡೆಗೆ ಸರಿದು ಹೃದಯಕ್ಕೆ ಕೆಲಸ ಹೆಚ್ಚುತ್ತದೆ. ಅದರ ಮೇಲೆ ಕೊಳವೆಯ ಮೂಲಕ ಉಸಿರೆಳೆಯಲು ಪ್ರಯಾಸವೂ ಬೇಕು. ಸ್ನಾರ್ಕೆಲಿಂಗ್ ವೇಳೆ ಪ್ರಾಣ ಕಳೆದುಕೊಂಡವರಲ್ಲಿ ವಯಸ್ಸಾದವರು, ಹೃದಯದ ತೊಂದರೆಯಿದ್ದವರು ಹಲವರಿದ್ದಾರೆ. ಆದ್ದರಿಂದ ಟಿಕೆಟ್ ಹಣ ಕಟ್ಟುವ ಮೊದಲೇ ನಿಮ್ಮ ವೈದ್ಯರನ್ನು ಕಂಡು, ಸಮುದ್ರದಲ್ಲಿ ತೇಲುವ ಯೋಚನೆಯಿದೆ ಎಂದು ಬಿಡಿಸಿ ಹೇಳಿ. ನೀರಿನಲ್ಲಿ ಏದುಸಿರು ಬಂದರೆ, ಕೈಕಾಲು ಸೋತರೆ, ಸುಧಾರಿಸೀತು ಎಂದು ಕಾಯದೆ ಆ ಕ್ಷಣವೇ ದಡಕ್ಕೆ ಬರಬೇಕು. ಪೂರ್ತಿ ಮುಖ ಮುಚ್ಚುವ ಮಾಸ್ಕ್ ಬೇಡ. ಒಂಟಿಯಾಗಿ ಯಾರೂ ಇಳಿಯಬಾರದು, ಮೂವತ್ತು ವರ್ಷ ಈಜಿದವರೂ ಸಹ.

ಸೀರೆ, ಚೂಡಿದಾರ ನೀರಿನಲ್ಲಿ ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತವೆ. ಮೈಗಂಟುವ ತುಂಬುತೋಳಿನ ಈಜು ಅಂಗಿ, ಕಾಲಿನ ಗಿಣ್ಣಿನವರೆಗಿನ ಈಜುಡುಗೆ ಎರಡೂ ಸಿಗುತ್ತವೆ. ಅವು ಸಂಕೋಚವನ್ನೂ ಬಿಸಿಲನ್ನೂ ಒಟ್ಟಿಗೆ ತಡೆಯುತ್ತವೆ. ಅಲ್ಲಿನ ರಕ್ಷಿತ ನೀರಿಗೆ ಸನ್‌ಸ್ಕ್ರೀನ್ ಹಚ್ಚಿಕೊಂಡು ಇಳಿಯಲು ಅನುಮತಿಯಿಲ್ಲ, ಏಕೆಂದರೆ ಅದರಲ್ಲಿನ ಆಕ್ಸಿಬೆಂಜೋನ್‌ನಂಥ ರಾಸಾಯನಿಕಗಳು ಹವಳಕ್ಕೆ ಹಾನಿಕಾರಕ. ಬಳೆ, ಸರಗಳನ್ನು ಹಡಗಿನ ಕೋಣೆಯ ಲಾಕರ್‌ನಲ್ಲಿ ಇಡಿ. ತಾಳಿ ತೆಗೆಯುವ ಮನಸ್ಸಿಲ್ಲದಿದ್ದರೆ ಅಂಗಿಯ ಒಳಗೆ ಭದ್ರವಾಗಿರಲಿ.

ಇಷ್ಟೆಲ್ಲ ಎಚ್ಚರಿಕೆಯ ನಂತರ ಕಾಣುವುದೇನು? ಹಸಿರು, ನೀಲಿ, ಗುಲಾಬಿ ಬಣ್ಣದ ಗಿಳಿಮೀನುಗಳು ಬಂಡೆಯ ಮೇಲಿನ ಪಾಚಿಯನ್ನು ಕೆರೆದು ತಿನ್ನುವ ಕಟಕಟ ಸದ್ದು ನೀರಿನೊಳಗೆ ಕಿವಿಗೆ ಕೇಳುತ್ತದೆ. ಅವು ಅರೆದು ಹೊರಹಾಕುವ ಸುಣ್ಣದ ಪುಡಿಯೂ ಸೇರಿ ಆ ಬೆಳ್ಳನೆಯ ಮರಳಾಗಿದೆ. ನೀರಿನೊಳಗೆ ಎಲ್ಲವೂ ಇರುವುದಕ್ಕಿಂತ ಸುಮಾರು ಮೂರನೇ ಒಂದು ಭಾಗ ದೊಡ್ಡದಾಗಿ ಕಾಣುವುದರಿಂದ ಮೀನು ಮುಖಕ್ಕೇ ಬಂತೆಂದು ಬೆದರಬೇಡಿ. ಅಲುಗದೆ ತೇಲಿದರೆ ಅವೇ ಹತ್ತಿರ ಸುಳಿಯುತ್ತವೆ, ಬೆನ್ನಟ್ಟಿದರೆ ಓಡುತ್ತವೆ.

ಹವಳವನ್ನು ಮಾತ್ರ ಮುಟ್ಟಬೇಡಿ, ಅದರ ಮೇಲೆ ನಿಲ್ಲಬೇಡಿ. ಅದು ಕಲ್ಲಲ್ಲ, ಅಸಂಖ್ಯ ಪುಟ್ಟ ಜೀವಿಗಳು ಸುಣ್ಣ ಸುರಿಸಿ ಕಟ್ಟಿದ ಮನೆ. ಮಿದುಳಿನ ಆಕಾರದ ಹವಳ ವರ್ಷಕ್ಕೆ ಬೆಳೆಯುವುದು ಕೆಲವೇ ಮಿಲಿಮೀಟರ್. ಒಂದು ಮೀಟರ್ ಅಗಲದ್ದು ನಿಮ್ಮ ತೋಟದ ಅತಿ ಹಳೆಯ ಸಿಲ್ವರ್ ಓಕ್‌ಗಿಂತ ಹಿರಿಯದಾಗಿರಬಹುದು. 2014ರಲ್ಲಿ ಫ್ಲಾರಿಡಾದಲ್ಲಿ ಮೊದಲು ಕಂಡ ಹವಳದ ರೋಗವೊಂದು 2018ರಲ್ಲಿ ಕೊಸುಮೆಲ್‌ಗೂ ತಲುಪಿ, ತಲೆಮಾರುಗಳಿಂದ ನಿಂತಿದ್ದ ಹವಳಗಳನ್ನು ಕೊಂದಿತು. ಉಳಿದಿರುವವನ್ನು ನೋಡಲು ಹೋಗುವವರು ನಾವು. ಹೊಸಬರ ಕಾಲು ಹವಳಕ್ಕೆ ಬಡಿಯುವುದು ರಬ್ಬರಿನ ಈಜುರೆಕ್ಕೆ ಕಟ್ಟಿಕೊಂಡಾಗಲೇ ಹೆಚ್ಚು. ನಿಮಗೆ ಅವು ಬೇಡ.

ಮೇ ತಿಂಗಳು ಒಳ್ಳೆಯ ಆಯ್ಕೆ. ರೋಬಸ್ಟಾ ಕೊಯ್ಲು ಮುಗಿದು, ಮುಂಗಾರು ಹಿಡಿಯುವ ಮುನ್ನ ನಿಮಗೂ ಬಿಡುವು. ಅಟ್ಲಾಂಟಿಕ್‌ನ ಚಂಡಮಾರುತದ ಕಾಲ ಶುರುವಾಗುವುದೂ ಜೂನ್ 1ರಿಂದ. ಆದರೆ ಆ ತಿಂಗಳು ಕೊಸುಮೆಲ್‌ನ ಗಡಿಯಾರ ಫ್ಲಾರಿಡಾಕ್ಕಿಂತ ಒಂದು ಗಂಟೆ ಹಿಂದಿರುತ್ತದೆ, ಮೊಬೈಲ್ ತಾನಾಗಿಯೇ ಸಮಯ ಬದಲಿಸಿಕೊಳ್ಳುತ್ತದೆ, ಹಡಗು ಮಾತ್ರ ತನ್ನದೇ ಸಮಯದಂತೆ ಹೊರಡುತ್ತದೆ. ಹಡಗಿನ ಸಮಯಕ್ಕೆ ಹೊಂದಿಸಿದ ಕೈಗಡಿಯಾರ ಕಟ್ಟಿಕೊಂಡು, ಹೇಳಿದ ವೇಳೆಗಿಂತ ಒಂದು ಗಂಟೆ ಮೊದಲೇ ಬಂದರಿಗೆ ಮರಳಿ. ಅಮೆರಿಕದ ವೀಸಾ ಚಾಲ್ತಿಯಲ್ಲಿದ್ದರೆ ಮೆಕ್ಸಿಕೊಗೆ ಬೇರೆ ವೀಸಾ ಬೇಡ. ಅಮೆರಿಕಕ್ಕೆ ಹಿಂದಿರುಗಬೇಕಾದ್ದರಿಂದ ಆ ವೀಸಾ ಹಲವು ಬಾರಿ ಪ್ರವೇಶಕ್ಕೆ ಅವಕಾಶ ಕೊಡುವಂಥದ್ದೇ ಎಂದು ನೋಡಿಕೊಳ್ಳಿ.

ಪ್ರಶ್ನೆ: ಕೆರಿಬಿಯನ್ ನಮಗೆ ದೂರದ ಮಾತು. ಹಾಸನದಿಂದ ಹೋಗಿಬರುವ ದೂರದಲ್ಲಿ ಇಂಥ ಅನುಭವ ಸಿಗುವುದೇ? (ಕಾಲೇಜು ವಿದ್ಯಾರ್ಥಿ, ಹಾಸನ)

ಉತ್ತರ: ಸಿಗುತ್ತದೆ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪಕ್ಕೆ ಮಳೆಗಾಲ ಕಳೆದ ಮೇಲೆ ದೋಣಿಗಳು ಹೋಗುತ್ತವೆ. ಅಲ್ಲಿಯೂ ಹವಳವಿದೆ, ಗಿಳಿಮೀನುಗಳಿವೆ. ಆದರೆ ಅಲ್ಲಿ ದೋಣಿಯಿಂದ ನೇರವಾಗಿ ಆಳದ ನೀರಿಗೆ ಇಳಿಯಬೇಕಾದ್ದರಿಂದ, ಮಾಸ್ಕ್ ಮತ್ತು ಕೊಳವೆಯ ಅಭ್ಯಾಸವನ್ನು ಮೊದಲು ಈಜುಕೊಳದಲ್ಲಿ ತರಬೇತುದಾರರ ಮುಂದೆ ಮಾಡಿಕೊಂಡು ಹೋಗಿ.