ಪರದೆಯ ಹಿಂದಿನ ಮನೆ

ಮಾನ್ಯರೇ,

ದಾವಣಗೆರೆಯಲ್ಲಿ ಗೆಳೆಯರೊಡಗೂಡಿ ತೊಗಲುಗೊಂಬೆಯಾಟಕ್ಕೊಂದು ಸಮುದಾಯ ರಂಗವನ್ನು ಕಟ್ಟಲು ಹೊರಟಿರುವುದಾಗಿಯೂ, ವರ್ಷಕ್ಕೊಂದು ಉತ್ಸವ ನಡೆಸಿ ಹಿರಿಯ ಕಲಾವಿದರೊಬ್ಬರನ್ನು ಸನ್ಮಾನಿಸಿದರೆ ಗೊಂಬೆಯಾಡಿಸುವ ಕುಟುಂಬಗಳಿಗೆ ಆಸರೆಯಾದೀತೇ ಎಂದೂ ತಾವು ಬರೆದು ಕೇಳಿದ್ದೀರಿ. ಸನ್ಮಾನದಿಂದ ಆಸರೆಯಾಗದು ಎಂದು ನೇರವಾಗಿಯೇ ಹೇಳುತ್ತೇನೆ. ಏಕೆಂದರೆ ಗೊಂಬೆಮೇಳವೆಂದರೆ ಒಬ್ಬ ಕಲಾವಿದರಲ್ಲ, ಒಂದು ಇಡೀ ಮನೆ.

ಕೆಲವು ವರ್ಷಗಳ ಹಿಂದೆ ಚಳ್ಳಕೆರೆ ಸೀಮೆಯ ಹಳ್ಳಿಯೊಂದರಲ್ಲಿ ಆಟ ನಡೆದಾಗ ನಾನು ಪರದೆಯ ಹಿಂದೆ ಕುಳಿತಿದ್ದೆ. ಯಜಮಾನರು ಎರಡೂ ಕೈಗಳಲ್ಲಿ ರಾಮ ರಾವಣರನ್ನು ಆಡಿಸುತ್ತಿದ್ದರೆ, ಅವರ ಪತ್ನಿ ತೊಡೆಯ ಮೇಲೆ ಮಲಗಿದ್ದ ಮಗುವನ್ನು ತಟ್ಟುತ್ತಲೇ ಸೀತೆಯ ಪದ ಹಾಡುತ್ತಿದ್ದರು. ಮೈದುನ ಮದ್ದಳೆಗೆ ಕುಳಿತಿದ್ದರು. ಹತ್ತು ಹನ್ನೆರಡು ವಯಸ್ಸಿನ ಹುಡುಗಿಯೊಬ್ಬಳು ಮುಂದಿನ ಸನ್ನಿವೇಶದ ಗೊಂಬೆಗಳನ್ನು ಕ್ರಮ ತಪ್ಪದಂತೆ ಎತ್ತಿ ಕೊಡುತ್ತಿದ್ದಳು. ನಗಿಸುವ ಗೊಂಬೆಜೋಡಿ ಕಿಳ್ಳೇಕ್ಯಾತ, ಬಂಗಾರಕ್ಕ ಪರದೆಗೆ ಬಂದಾಗ ಊರೆಲ್ಲ ನಕ್ಕದ್ದು ಆ ತಾಯಿಯ ಮಾತಿಗೆ. ಬೆಳಗಿನ ಜಾವ ಶಾಲು, ಹಾರ ಬಿದ್ದದ್ದು ಮಾತ್ರ ಯಜಮಾನರ ಹೆಗಲಿಗೆ. ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಾಗ ನನಗೆ ನೆನಪಾದದ್ದು ಆ ತಾಯಿಯ ದನಿ.

ಹಿಂದೆ ಮಳೆ ಹೋದಾಗ, ದನಕರುಗಳಿಗೆ ರೋಗ ಬಂದಾಗ ಊರವರೇ ಮೇಳವನ್ನು ಕರೆಸಿ ಆಡಿಸುತ್ತಿದ್ದರು. ಅವರು ಅಳೆದುಕೊಟ್ಟ ಕಾಳು ಇಡೀ ಮನೆಗೆ ಸಲ್ಲುತ್ತಿತ್ತು. ಆಟವಿಲ್ಲದ ದಿನಗಳಿಗೆ ಮೀನು ಹಿಡಿಯುವ ಕಸುಬಿತ್ತು. ಅವೆರಡೂ ಕೈಬಿಟ್ಟ ಮೇಲೆ ಎಷ್ಟೋ ಮನೆಗಳವರು ತಲೆಮಾರುಗಳಿಂದ ಬಂದ ಗೊಂಬೆಗಳನ್ನೇ ಮಾರಿಕೊಂಡರು. ಇದು ನನ್ನನ್ನು ಬಹಳ ನೋಯಿಸಿದ ಸಂಗತಿ.

ಆದ್ದರಿಂದ ತಮ್ಮ ರಂಗವು ಆಟಕ್ಕಿಷ್ಟೆಂದು ಒಬ್ಬರ ಕೈಗಿಡದೆ, ಹಾಡಿದವರಿಗೂ ನುಡಿಸಿದವರಿಗೂ ಆಳಿಗಿಷ್ಟೆಂದು ಅಂದೇ ಸಂಭಾವನೆ ಕೊಡಲಿ. ತಿಂಗಳಿಗೆ ಎರಡು ಆಟಗಳನ್ನಾದರೂ ಮೊದಲೇ ಗೊತ್ತುಮಾಡಲಿ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ನಾಟಕ ತಂಡ ಶಿವಸಂಚಾರವು 1997ರಿಂದ ಕಲಾವಿದರನ್ನು ಒಂದೆಡೆ ಸೇರಿಸಿ, ತರಬೇತಿ ಕೊಟ್ಟು, ನಾಟಕಗಳೊಂದಿಗೆ ನಾಡು ಸುತ್ತಿಸುತ್ತಿರುವುದನ್ನು ತಾವು ಬಲ್ಲಿರಿ. ನಾಳೆಯೂ ಆಟವಿದೆ ಎಂಬ ಅಂಥ ಭರವಸೆ ಗೊಂಬೆಯವರಿಗೂ ಬೇಕು.

ಹೊಸ ಗೊಂಬೆಗಳನ್ನೂ ಮಾಡಿಸಿರಿ. ಆಡಿನ ತೊಗಲನ್ನು ನೆನೆಸಿ, ಕೂದಲು ಹೆರೆದು, ಬಿಗಿದು ಒಣಗಿಸಿ, ಚಿತ್ರ ಬರೆದು, ಬೆಳಕು ಹಾಯುವಂತೆ ಉಳಿಯಿಂದ ತೂತು ಕೊರೆದು, ಎರಡೂ ಬದಿಗೆ ಬಣ್ಣ ತುಂಬುವಷ್ಟರಲ್ಲಿ ದಿನಗಳೇ ಹಿಡಿಯುತ್ತವೆ. ಆ ದಿನಗಳಿಗೂ ಕೂಲಿ ಸಿಕ್ಕರೆ, ಬಯಲಿನಲ್ಲಿ ಆಟ ನಡೆಯದ ಮಳೆಗಾಲದಲ್ಲೂ ಅವರ ಒಲೆ ಉರಿಯುತ್ತದೆ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಗಾಂಧೀಜಿಯ ಬದುಕನ್ನೇ ತೊಗಲುಗೊಂಬೆಯಲ್ಲಿ ತಂದವರು. ಹೊಸ ಕಥೆ ಹೊಸ ಗೊಂಬೆಗಳನ್ನು ಬೇಡುತ್ತದೆ, ಅವು ಕೈಗೆ ಕೆಲಸ ಕೊಡುತ್ತವೆ.

ಇನ್ನೊಂದು ಮಾತು. ಆಟಗಳನ್ನು ಶನಿವಾರ ಸಂಜೆಗೇ ಇಟ್ಟು ರಾತ್ರಿ ಹತ್ತರೊಳಗೆ ಮುಗಿಸಿರಿ. ಗೊಂಬೆ ಎತ್ತಿಕೊಡುವ ಹುಡುಗಿಗೆ ಶಾಲೆ ತಪ್ಪಬಾರದು. ಮೊದಲ ಆಟ ಗೊತ್ತಾದ ಕೂಡಲೇ ತಿಳಿಸಿರಿ, ಎರಡು ಗೊಂಬೆಗಳ ಕೂಲಿಯನ್ನು ನಮ್ಮ ಪತ್ರಿಕೆ ಕೊಡುತ್ತದೆ.

— ಸಂಪಾದಕ